ಮುಸಾರ್: ಯಹೂದಿ ಗುಣಸಾಧನೆಯ ಪರಂಪರೆ

ಸ್ವಭಾವವನ್ನು ತಿದ್ದಿಕೊಳ್ಳುವುದಕ್ಕೂ ಸುತ್ತಲಿನವರೊಂದಿಗಿನ ಸಂಬಂಧಗಳನ್ನು ಹಸನಾಗಿಟ್ಟುಕೊಳ್ಳುವುದಕ್ಕೂ ಯಹೂದಿ ಧರ್ಮದಲ್ಲಿ ಬೆಳೆದುಬಂದ ಅಭ್ಯಾಸ ಪರಂಪರೆಗೆ ಮುಸಾರ್ ಎಂದು ಹೆಸರು. ಶಿಸ್ತು, ಶಿಕ್ಷಣ, ಬುದ್ಧಿವಾದ ಎಂಬ ಅರ್ಥಗಳುಳ್ಳ ಈ ಹೀಬ್ರೂ ಪದ, ಕನ್ನಡ ಬೈಬಲ್ಲಿನಲ್ಲಿ ‘ಜ್ಞಾನೋಕ್ತಿಗಳು’ ಎಂಬ ಹೆಸರಿರುವ ಗ್ರಂಥದ ಮೂಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಹನ್ನೊಂದನೆಯ ಶತಮಾನದ ಸ್ಪೇನಿನಲ್ಲಿ ಗ್ರಂಥರೂಪ ಪಡೆದು, ಹತ್ತೊಂಬತ್ತನೆಯ ಶತಮಾನದ ಲಿಥುವೇನಿಯಾದಲ್ಲಿ ಚಳವಳಿಯಾಗಿ, ಎರಡನೆಯ ಮಹಾಯುದ್ಧದಲ್ಲಿ ಬಹುಪಾಲು ನಾಶವಾದ ಈ ಪರಂಪರೆ ಈಗ ಇಸ್ರೇಲ್, ಅಮೆರಿಕ, ಕೆನಡಾಗಳಲ್ಲಿ ಮತ್ತೆ ಚಿಗುರಿದೆ. ಒಳ್ಳೆಯದು ಯಾವುದೆಂದು ಗೊತ್ತಿದ್ದೂ ಮನುಷ್ಯ ಅದನ್ನೇಕೆ ಮಾಡುವುದಿಲ್ಲ ಎಂಬ ಪ್ರಶ್ನೆಯನ್ನು ಇಷ್ಟು ಹಟದಿಂದ ಹಿಡಿದು ಕೂತ ಧಾರ್ಮಿಕ ಚಳವಳಿಗಳು ವಿರಳ. ಬರೀ ತಿಳಿವಳಿಕೆಯಿಂದ ಸ್ವಭಾವ ಬದಲಾಗದು, ದಿನನಿತ್ಯದ ಸಣ್ಣ ಅಭ್ಯಾಸಗಳಿಂದ ಬದಲಾಗುತ್ತದೆ, ಬದಲಾಯಿತೇ ಎಂಬುದನ್ನು ಮನೆಯವರ, ಕೆಲಸದವರ, ಅಂಗಡಿಯವರ ಜೊತೆಗಿನ ನಡವಳಿಕೆಯಲ್ಲಿ ನೋಡಬೇಕು ಎಂಬುದು ಮುಸಾರ್ ಕೊಡುವ ಉತ್ತರ.

ಇದರ ಬೇರು ತಾಲ್ಮುಡ್‌ನಲ್ಲಿದೆ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಷ್ನಾ ಎಂಬ ಧರ್ಮನಿಯಮಗಳ ಸಂಗ್ರಹ, ಮುಂದಿನ ಕೆಲವು ಶತಮಾನಗಳಲ್ಲಿ ಅದರ ಸುತ್ತ ನಡೆದ ಚರ್ಚೆ, ಇವೆರಡೂ ಸೇರಿ ತಾಲ್ಮುಡ್ ಆಗಿದೆ. ವ್ಯಾಪಾರದಲ್ಲಿ ಮಾಡುವ ಮೋಸವನ್ನು ವಿಚಾರಿಸುವ ಅಧ್ಯಾಯದಲ್ಲಿಯೇ ಮಾತಿನಲ್ಲಿ ಮಾಡುವ ಅನ್ಯಾಯವನ್ನೂ ಅದು ವಿಚಾರಿಸುತ್ತದೆ. ಕೊಳ್ಳುವ ಮನಸ್ಸಿಲ್ಲದೆ ಅಂಗಡಿಯವನ ಬಳಿ ಬೆಲೆ ಕೇಳಬಾರದು. ಹಿಂದೆ ತಪ್ಪಿ ನಡೆದು ಈಗ ತಿದ್ದಿಕೊಂಡವನಿಗೆ ಹಳೆಯದನ್ನು ಎತ್ತಿ ಆಡಬಾರದು. ಮೋಸದಿಂದಾದ ಹಣದ ನಷ್ಟವನ್ನು ತುಂಬಿಕೊಡಬಹುದು, ಮಾತಿನಿಂದಾದ ನೋವನ್ನು ತುಂಬಿಕೊಡಲಾಗದು, ಆದ್ದರಿಂದ ಎರಡನೆಯದೇ ದೊಡ್ಡ ಅಪರಾಧ ಎಂಬುದು ಅಲ್ಲಿನ ತರ್ಕ. ನಾಲ್ಕು ಜನರ ಮುಂದೆ ಒಬ್ಬನನ್ನು ಅವಮಾನಿಸುವುದನ್ನು ರಕ್ತಪಾತಕ್ಕೆ ಸಮವೆಂದು ಎಣಿಸಲಾಗಿದೆ. ಅವಮಾನಗೊಂಡವನ ಮುಖದ ಕೆಂಪು ಇಳಿದು ಬಿಳಿಚಿಕೊಳ್ಳುವುದನ್ನು ಕಂಡಿಲ್ಲವೇ ಎಂದು ಒಬ್ಬ ಪಂಡಿತ ಅದಕ್ಕೆ ಸಾಕ್ಷಿಯನ್ನೂ ಕೊಡುತ್ತಾನೆ.

ವರ್ಷದಲ್ಲಿ ಅತಿ ಪವಿತ್ರವಾದ ಉಪವಾಸದ ದಿನ ಯೋಮ್ ಕಿಪ್ಪುರ್. ಅಂದು ದೇವರ ವಿಷಯದಲ್ಲಿ ಮಾಡಿದ ತಪ್ಪುಗಳಿಗೆ ಕ್ಷಮೆಯುಂಟು. ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪಿಗೆ, ಅವನ ಬಳಿ ಹೋಗಿ ಅವನನ್ನು ಸಮಾಧಾನಪಡಿಸುವ ತನಕ ಕ್ಷಮೆಯಿಲ್ಲ ಎಂದು ಮಿಷ್ನಾ ಸ್ಪಷ್ಟವಾಗಿ ವಿಧಿಸುತ್ತದೆ. ಹೀಗಾಗಿ ಅದಕ್ಕೆ ಮುಂಚಿನ ವಾರಗಳಲ್ಲಿ ಮನಸ್ತಾಪವಿದ್ದವರನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳುವ ವಾಡಿಕೆ ಇಂದಿಗೂ ಉಂಟು. ನೊಂದವನ ಪಾಲಿಗೂ ಒಂದು ಕೆಲಸವಿದೆ. ತಾಲ್ಮುಡ್ ಹೇಳುವಂತೆ, ರಬ್ಬಿ (ಯಹೂದಿ ಧರ್ಮಪಂಡಿತ) ಜೇರಾ ತಮಗೆ ನೋವು ಮಾಡಿದವನ ಕಣ್ಣಿಗೆ ಬೀಳುವಂತೆ ಬೇಕೆಂದೇ ಅತ್ತಿತ್ತ ಓಡಾಡುತ್ತಿದ್ದರು. ಕ್ಷಮೆ ಕೇಳಬೇಕೆಂದಿದ್ದೂ ಹಿಂಜರಿಯುತ್ತಿರುವವನಿಗೆ ದಾರಿ ಸುಲಭವಾಗಲಿ ಎಂಬುದು ಅವರ ಉದ್ದೇಶ. ನೊಂದವರೇ ಮೊದಲ ಹೆಜ್ಜೆಯ ಅರ್ಧಭಾಗವನ್ನು ಇಡುವ ಈ ಔದಾರ್ಯವನ್ನು ಸಂಬಂಧಗಳ ಕುರಿತ ಇಂದಿನ ಕೈಪಿಡಿಗಳಲ್ಲಿ ಕಾಣುವುದು ಕಷ್ಟ.

ಚದುರಿದ್ದ ಇಂಥ ಮಾತುಗಳನ್ನು ಮೊದಲು ಒಂದು ಶಾಸ್ತ್ರವಾಗಿ ಕಟ್ಟಿದವರಲ್ಲಿ ಬಹ್ಯಾ ಇಬ್ನ್ ಪಕೂದಾ ಮುಖ್ಯರು. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಪೇನಿನಲ್ಲಿದ್ದ ಇವರು ಅರಬ್ಬಿ ಭಾಷೆಯಲ್ಲಿ ‘ಹೃದಯದ ಕರ್ತವ್ಯಗಳು’ ಎಂಬ ಗ್ರಂಥವನ್ನು ಬರೆದರು. ಮುಂದಿನ ಶತಮಾನದಲ್ಲಿ ಅದು ಹೀಬ್ರೂಗೆ ಬಂತು. ಊಟ, ಉಪವಾಸ, ಪೂಜೆಗಳ ನಿಯಮಗಳನ್ನು ಪಂಡಿತರು ಸವಿಸ್ತಾರವಾಗಿ ಬರೆದಿದ್ದಾರೆ, ಕೃತಜ್ಞತೆ, ವಿನಯ, ನಂಬಿಕೆಗಳಂಥ ಒಳಗಿನ ಕರ್ತವ್ಯಗಳನ್ನು ಯಾರೂ ಹೀಗೆ ವಿವರಿಸಿಲ್ಲ ಎಂಬ ಕೊರಗು ಆ ಗ್ರಂಥಕ್ಕೆ ಪ್ರೇರಣೆ.

ಅವರ ನಂತರದ ದೊಡ್ಡ ಹೆಸರು ಮೈಮೋನಿಡಿಸ್ (1138–1204). ಕೊರ್ಡೋಬಾದಲ್ಲಿ ಹುಟ್ಟಿ ಈಜಿಪ್ಟಿನ ಫುಸ್ತಾತ್‌ನಲ್ಲಿ ವೈದ್ಯರಾಗಿ ಬಾಳಿದ ಇವರಿಗೂ ಭಾರತದ ಕಡಲ ವ್ಯಾಪಾರಕ್ಕೂ ನಂಟಿತ್ತು. ಸಂಸಾರದ ಖರ್ಚುವೆಚ್ಚ ನೋಡಿಕೊಳ್ಳುತ್ತಿದ್ದ ತಮ್ಮ ಡೇವಿಡ್, ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ. ಆ ದುಃಖದಲ್ಲಿ ಮೈಮೋನಿಡಿಸ್ ಒಂದು ವರ್ಷದಷ್ಟು ಕಾಲ ಹಾಸಿಗೆ ಹಿಡಿದಿದ್ದನ್ನು ಅವರದೇ ಪತ್ರವೊಂದು ತಿಳಿಸುತ್ತದೆ. ಅದೇ ಫುಸ್ತಾತ್‌ನ ಸಿನಗಾಗ್‌ನ (ಯಹೂದಿ ಪ್ರಾರ್ಥನಾಮಂದಿರದ) ಹಳೆಯ ಕಾಗದಗಳ ಕೋಣೆಯಲ್ಲಿ, 1130–40ರ ದಶಕಗಳಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳೂ ಸಿಕ್ಕಿವೆ. ಅಮಿತಾವ್ ಘೋಷ್ ತಮ್ಮ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ (1992) ಪುಸ್ತಕದಲ್ಲಿ ಹೇಳಿರುವುದು ಇವನದೇ ಕಥೆ.

ಮೈಮೋನಿಡಿಸ್ ತಮ್ಮ ‘ಮಿಷ್ನೆ ತೋರಾ’ ಎಂಬ ಧರ್ಮಸಂಹಿತೆಯ ಆರಂಭದಲ್ಲಿಯೇ ಸ್ವಭಾವದ ನಿಯಮಗಳಿಗೂ ಪಶ್ಚಾತ್ತಾಪದ ನಿಯಮಗಳಿಗೂ ಒಂದೊಂದು ಭಾಗ ಕೊಟ್ಟರು. ಅವರ ಪ್ರಕಾರ ಗುಣಗಳಲ್ಲಿ ನಡುದಾರಿಯೇ ಲೇಸು. ಸಿಟ್ಟು, ಗರ್ವ ಎರಡಕ್ಕೆ ಮಾತ್ರ ನಡುದಾರಿಯಿಲ್ಲ, ಅವುಗಳಿಂದ ಆದಷ್ಟು ದೂರ ಸರಿಯಬೇಕು. ದಾನದ ವಿಷಯದಲ್ಲಿ ಅವರ ಸಲಹೆ ತೀರ ವ್ಯಾವಹಾರಿಕವಾದದ್ದು. ಸಾವಿರ ನಾಣ್ಯಗಳನ್ನು ಒಬ್ಬನಿಗೇ ಒಂದೇ ಸಲ ಕೊಡುವುದಕ್ಕಿಂತ ಒಂದೊಂದಾಗಿ ಸಾವಿರ ಸಲ ಕೊಟ್ಟರೆ ಕೈಗೆ ಕೊಡುವ ರೂಢಿ ಬೀಳುತ್ತದೆ, ಔದಾರ್ಯ ಸ್ವಭಾವವಾಗುತ್ತದೆ. ಪಶ್ಚಾತ್ತಾಪಕ್ಕೂ ಅವರು ಒಂದು ಪರೀಕ್ಷೆ ಇಟ್ಟಿದ್ದಾರೆ: ಅದೇ ಸಂದರ್ಭ ಮತ್ತೆ ಬಂದು, ಅದೇ ತಪ್ಪು ಮಾಡುವ ಶಕ್ತಿಯೂ ಇದ್ದು, ಮನುಷ್ಯ ಮಾಡದೆ ಉಳಿದರೆ ಅದು ಪೂರ್ಣ ಪಶ್ಚಾತ್ತಾಪ. ನೊಂದವನು ಕ್ಷಮಿಸದಿದ್ದರೆ ಅವನ ಮೂವರು ಗೆಳೆಯರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಬೇಕು, ಹೀಗೆ ಮೂರು ಸಲ. ಆಮೇಲೂ ಮನಸ್ಸು ಕರಗದಿದ್ದರೆ ತಪ್ಪಿನ ಹೊರೆ ಕ್ಷಮಿಸದವನ ಮೇಲೆ ಬೀಳುತ್ತದೆ. ಮನಸ್ಸಿನಲ್ಲೇ ದ್ವೇಷ ಇಟ್ಟುಕೊಂಡು ಮಾತು ಬಿಡುವುದನ್ನು ಅವರು ಒಪ್ಪುವುದಿಲ್ಲ. ಹೀಗೇಕೆ ಮಾಡಿದೆ ಎಂದು ಖಾಸಗಿಯಾಗಿ, ಮೆಲುದನಿಯಲ್ಲಿ ಕೇಳಿಬಿಡಬೇಕು.

1740ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಕಟವಾದ ಮೋಶೆ ಹಯ್ಯಿಮ್ ಲುಟ್ಸಾಟೊ ಅವರ ‘ಮೆಸಿಲ್ಲತ್ ಯೆಶಾರಿಮ್’ ಈ ಸಾಲಿನ ಮತ್ತೊಂದು ಮೇರುಕೃತಿ. ಎಚ್ಚರದಿಂದ ಪಾವಿತ್ರ್ಯದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಸಾಧನೆ ಅದರ ವಸ್ತು. ಹೊಸದೇನನ್ನೂ ಕಲಿಸಲು ಬರೆದಿಲ್ಲ, ಎಲ್ಲರಿಗೂ ಗೊತ್ತಿದ್ದು ಎಲ್ಲರೂ ಮರೆಯುವುದನ್ನು ನೆನಪಿಸಲು ಬರೆದದ್ದು ಎಂದು ಲೇಖಕರು ಮುನ್ನುಡಿಯಲ್ಲೇ ಹೇಳುತ್ತಾರೆ.

ಇಷ್ಟಾದರೂ ಮುಸಾರ್ ಗ್ರಂಥಗಳು ಓದುವವರ ಪಾಲಿಗೆ ಮಾತ್ರ ಉಳಿದಿದ್ದವು. ಅವನ್ನು ಬೀದಿಗೂ ಅಂಗಡಿಗೂ ತಂದವರು ಇಸ್ರೇಲ್ ಲಿಪ್ಕಿನ್; ಓದಿ ಬೆಳೆದ ಸಲಾಂತ್ ಊರಿನ ಹೆಸರಿನಿಂದ ಅವರು ಸಲಾಂತರ್ ಎಂದೇ ಪ್ರಸಿದ್ಧರು. 1810ರ ಆಸುಪಾಸಿನಲ್ಲಿ ಲಿಥುವೇನಿಯಾದ ಜಾಗರೆಯಲ್ಲಿ ಹುಟ್ಟಿದ ಅವರು 1840ರ ದಶಕದಲ್ಲಿ ವಿಲ್ನಾ ನಗರದಲ್ಲಿ ಅಧ್ಯಾಪಕರಾಗಿದ್ದರು. ಆಗಿನ ವಿಲ್ನಾ ಪಾಂಡಿತ್ಯಕ್ಕೆ ಹೆಸರಾದ ಊರು. ಆಹಾರದ ನಿಯಮದಲ್ಲಿ ಕೂದಲೆಳೆಯಷ್ಟು ಸಂಶಯ ಬಂದರೂ ರಬ್ಬಿಯ ಬಳಿ ಓಡುವ ಜನ, ತೂಕದಲ್ಲಿ ಮೋಸವಾದರೆ ಅಥವಾ ಕೂಲಿ ತಡವಾದರೆ ಅಷ್ಟು ಗಾಬರಿಯಾಗುವುದಿಲ್ಲ ಎಂಬುದು ಸಲಾಂತರ್ ಅವರನ್ನು ಕಾಡಿತು. ದುಡಿಯುವವರೂ ವ್ಯಾಪಾರಿಗಳೂ ಬಿಡುವಿನಲ್ಲಿ ಬಂದು ಕೂರಲೆಂದು ಅವರು ‘ಮುಸಾರ್ ಮನೆ’ ತೆರೆದರು. ಅಲ್ಲಿ ಗ್ರಂಥಗಳನ್ನು ಕಣ್ಣಲ್ಲಿ ಓಡಿಸುವಂತಿರಲಿಲ್ಲ. ಒಂದೇ ವಾಕ್ಯವನ್ನು ಗಟ್ಟಿಯಾಗಿ, ರಾಗವಾಗಿ, ಎದೆ ಕದಡುವಷ್ಟು ಸಲ ಹೇಳಿಕೊಳ್ಳಬೇಕಿತ್ತು.

ಈ ವಿಧಾನದ ಹಿಂದೆ ಮನಸ್ಸಿನ ಕುರಿತ ಒಂದು ಸಿದ್ಧಾಂತವಿದೆ. ಬುದ್ಧಿಗೆ ಕಾಣುವ ಬೆಳಕಿನ ಶಕ್ತಿಗಳ ಅಡಿಯಲ್ಲಿ ಕಾಣದ ಮಬ್ಬು ಶಕ್ತಿಗಳಿವೆ, ಸಂಕಟದ ಗಳಿಗೆಯಲ್ಲಿ ಕೈ ಮೇಲಾಗುವುದು ಅವುಗಳದ್ದು ಎಂದು ಸಲಾಂತರ್ ಬರೆದರು. ಅವರು ಕೊಡುವ ಉದಾಹರಣೆಯಲ್ಲಿ ಒಬ್ಬ ಗುರುವಿಗೆ ದಾರಿತಪ್ಪಿದ ಮಗನಿದ್ದಾನೆ, ಪ್ರಾಣಕ್ಕಿಂತ ಪ್ರೀತಿಯ ಶಿಷ್ಯನೂ ಇದ್ದಾನೆ. ಹಗಲಲ್ಲಿ ಕೇಳಿದರೆ ಶಿಷ್ಯನೇ ಹೆಚ್ಚು ಎನ್ನುತ್ತಾನೆ. ನಡುರಾತ್ರಿ ಮನೆಗೆ ಬೆಂಕಿ ಬಿದ್ದಾಗ ನಿದ್ದೆಗಣ್ಣಲ್ಲಿ ಮೊದಲು ಓಡುವುದು ಮಗನ ಕಡೆಗೆ. ಫ್ರಾಯ್ಡ್ ಬರೆಯತೊಡಗುವುದಕ್ಕೆ ಕೆಲವು ದಶಕಗಳ ಮೊದಲೇ ಬಂದ ಈ ವಿಚಾರವನ್ನು ಮನಶ್ಶಾಸ್ತ್ರದ ಇತಿಹಾಸದಲ್ಲಿ ಇನ್ನಷ್ಟು ಗೌರವದಿಂದ ನೆನೆಯಬೇಕಾಗಿದೆ. ಆಳದಲ್ಲಿರುವುದನ್ನು ಬರೀ ಉಪದೇಶ ಮುಟ್ಟುವುದಿಲ್ಲವಾದ್ದರಿಂದಲೇ ರಾಗ, ಪುನರಾವರ್ತನೆ, ಅಭ್ಯಾಸ ಬೇಕು ಎಂದು ಅವರು ವಾದಿಸಿದರು.

ಅವರ ಬಗ್ಗೆ ಹೇಳುವ ಕಥೆಗಳಲ್ಲಿ ಮಾತ್ಸಾ ಬೇಯಿಸುವ ಕಥೆ ಬಹಳ ಪ್ರಸಿದ್ಧ. ಪಸ್ಕ ಹಬ್ಬಕ್ಕೆ ಮಾಡುವ ಹುಳಿಯಿಲ್ಲದ ರೊಟ್ಟಿ ಮಾತ್ಸಾ. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ನಾದಿ, ಲಟ್ಟಿಸಿ, ಒಲೆಗೆ ಹಾಕಬೇಕು. ತಡವಾದರೆ ಹುಳಿ ಬಂತೆಂದು ಇಡೀ ಕಣಕವನ್ನು ಎಸೆಯಬೇಕು. ಹೀಗಾಗಿ ಬೇಕರಿಯಲ್ಲಿ ನಿಲ್ಲುವ ಮೇಲ್ವಿಚಾರಕರು ಕೆಲಸದವರನ್ನು ಅವಸರಪಡಿಸುತ್ತಲೇ ಇರುತ್ತಾರೆ. ಒಂದು ವರ್ಷ ಸಲಾಂತರ್ ಅವರಿಗೆ ಹುಷಾರಿಲ್ಲದೆ ಶಿಷ್ಯರನ್ನು ಕಳಿಸಬೇಕಾಯಿತು. ಯಾವ ನಿಯಮದ ಬಗ್ಗೆ ವಿಶೇಷ ಎಚ್ಚರ ಬೇಕು ಎಂದು ಶಿಷ್ಯರು ಕೇಳಿದಾಗ, ಅಲ್ಲಿ ಹಿಟ್ಟು ನಾದುವ ಹೆಂಗಸೊಬ್ಬಳು ವಿಧವೆ, ಅವಳ ಮೇಲೆ ದನಿ ಏರಿಸಬೇಡಿ ಎಂದರಂತೆ. ಊಟಕ್ಕೆ ಮುಂಚೆ ವಿಧಿಪೂರ್ವಕ ಕೈ ತೊಳೆಯುವಾಗ ಅವರು ಬಳಸುತ್ತಿದ್ದದ್ದು ಕನಿಷ್ಠ ನೀರನ್ನು. ಬಾವಿಯಿಂದ ಕೊಡ ಹೊತ್ತು ತರುವ ಕೆಲಸದ ಹುಡುಗಿಯ ಬೆನ್ನಿನ ಮೇಲೆ ತಮ್ಮ ಪುಣ್ಯ ಕಟ್ಟಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ.

1849ರ ಹೊತ್ತಿಗೆ ಸಲಾಂತರ್ ಕೋವ್ನೊ (ಇಂದಿನ ಕೌನಾಸ್) ನಗರಕ್ಕೆ ಹೋದರು. 1857ರಲ್ಲಿ ಜರ್ಮನಿಗೆ ತೆರಳಿ, 1861ರಲ್ಲಿ ಮೇಮೆಲ್‌ನಿಂದ ‘ತೆವುನಾ’ ಎಂಬ ಪತ್ರಿಕೆಯನ್ನು ಕೆಲಕಾಲ ಹೊರತಂದರು. 1883ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ತೀರಿಕೊಂಡರು.

ಅಭ್ಯಾಸಕ್ಕೆ ಅವರು ಮೆಚ್ಚಿ ಮತ್ತೆ ಅಚ್ಚು ಹಾಕಿಸಿದ ಪುಸ್ತಕದ ಹಿನ್ನೆಲೆ ಕುತೂಹಲಕರವಾಗಿದೆ. ಮೆನಾಹೆಮ್ ಮೆಂಡೆಲ್ ಲೆಫಿನ್ 1808ರಲ್ಲಿ ಪ್ರಕಟಿಸಿದ ‘ಹೇಶ್ಬೋನ್ ಹನೆಫೆಶ್’, ಅಂದರೆ ‘ಆತ್ಮದ ಲೆಕ್ಕ’, ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ವಿವರಿಸಿದ ಪದ್ಧತಿಯನ್ನು ಯಹೂದಿ ಸಾಧನೆಗೆ ಒಗ್ಗಿಸಿಕೊಂಡಿತು. ಸಮಚಿತ್ತ, ತಾಳ್ಮೆ, ಅಚ್ಚುಕಟ್ಟು, ವಿನಯ, ಮಿತವ್ಯಯ, ಮೌನ, ಸತ್ಯ ಹೀಗೆ 13 ಗುಣಗಳನ್ನು ಆರಿಸಿ, ವಾರಕ್ಕೆ ಒಂದರಂತೆ ಹಿಡಿಯಬೇಕು. ಏಳು ದಿನಗಳಿಗೆ ಏಳು ಕಲಂ, ಗುಣಗಳಿಗೆ 13 ಸಾಲು ಎಳೆದ ಕೋಷ್ಟಕ ಪಕ್ಕದಲ್ಲಿರಬೇಕು. ತಾಳ್ಮೆಯ ವಾರವಾದರೆ ಬೆಳಿಗ್ಗೆ ತಾಳ್ಮೆಯ ಕುರಿತ ವಾಕ್ಯವನ್ನು ಹೇಳಿಕೊಳ್ಳಬೇಕು, ಹಗಲಲ್ಲಿ ಅದರ ಮೇಲೆ ಕಣ್ಣಿಟ್ಟಿರಬೇಕು, ರಾತ್ರಿ ಎಲ್ಲೆಲ್ಲಿ ಕೆಟ್ಟಿತೋ ಅಲ್ಲಿ ಗುರುತು ಹಾಕಬೇಕು. ಹದಿಮೂರು ವಾರ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು. ಹೀಗೆ ವರ್ಷದ 52 ವಾರಗಳಲ್ಲಿ ನಾಲ್ಕು ಸುತ್ತು. ಎಲ್ಲ ದೋಷಗಳ ಮೇಲೂ ಒಟ್ಟಿಗೆ ಯುದ್ಧ ಹೂಡದೆ ಒಂದೊಂದನ್ನೇ ಸರದಿಯಲ್ಲಿ ನೋಡುವುದು ಈ ಪದ್ಧತಿಯ ಶಕ್ತಿ.

ಸಲಾಂತರ್ ಶಿಷ್ಯರ ಕಾಲಕ್ಕೆ ಚಳವಳಿ ಯೆಶಿವಾಗಳೊಳಗೆ, ಎಂದರೆ ತಾಲ್ಮುಡ್ ವಿದ್ಯಾಲಯಗಳೊಳಗೆ ನೆಲೆ ಕಂಡಿತು. ಮೂರು ಊರುಗಳಲ್ಲಿ ಮೂರು ಬಗೆಯಾಯಿತು. ಕೆಲ್ಮ್‌ನಲ್ಲಿ ಸಿಂಹಾ ಜಿಸ್ಸೆಲ್ ಜಿವ್ (1824–1898) ಅಚ್ಚುಕಟ್ಟು, ಏಕಾಗ್ರತೆಗಳಿಗೆ ಒತ್ತು ಕೊಟ್ಟರು. ಇನ್ನೊಬ್ಬರ ಹೊರೆಗೆ ಹೆಗಲು ಕೊಡುವುದು ಅವರ ಬೋಧನೆಯ ತಿರುಳು. ಎದುರಿನವರ ಸ್ಥಿತಿಯಲ್ಲಿ ತನ್ನನ್ನು ಇಟ್ಟು ಕಲ್ಪಿಸಿಕೊಳ್ಳುವುದನ್ನು ಅವರು ದಿನದ ಅಭ್ಯಾಸವಾಗಿ ಕಲಿಸಿದರು. ಕೋವ್ನೊ ಪಕ್ಕದ ಸ್ಲಬೋಡ್ಕಾದಲ್ಲಿ ನೋಸನ್ ತ್ಸ್ವಿ ಫಿಂಕೆಲ್ (1849–1927) ಮನುಷ್ಯನ ಹಿರಿಮೆಯಿಂದಲೇ ಆರಂಭಿಸಿದರು. ತನ್ನ ಘನತೆ ತನಗೆ ಮನದಟ್ಟಾದವನು ಕೀಳು ಕೆಲಸಕ್ಕೆ ಇಳಿಯುವುದಿಲ್ಲ ಎಂಬ ನಂಬಿಕೆಯಿಂದ ಶಿಷ್ಯರು ಒಪ್ಪವಾಗಿ ಉಡುವುದಕ್ಕೂ ಅವರು ಗಮನ ಕೊಡುತ್ತಿದ್ದರು.

ಈಗ ಬೆಲರೂಸ್‌ನಲ್ಲಿರುವ ನವರ್ದೋಕ್‌ನದು ಇದಕ್ಕೆ ಎದುರು ದಾರಿ. 1896ರಲ್ಲಿ ಅಲ್ಲಿ ಯೆಶಿವಾ ಕಟ್ಟಿದ ಯೋಸೆಫ್ ಯೋಜೆಲ್ ಹೊರ್ವಿತ್ಸ್ ಮೊದಲು ವ್ಯಾಪಾರಿಯಾಗಿದ್ದವರು. ನಾಲ್ಕು ಜನ ಏನೆಂದುಕೊಂಡಾರು ಎಂಬ ಭಯವನ್ನು ಕಿತ್ತುಹಾಕದೆ ಮನುಷ್ಯ ಸ್ವತಂತ್ರನಾಗುವುದಿಲ್ಲ ಎಂಬುದು ಅವರ ನಿಲುವು. ಶಿಷ್ಯರು ಬೇಕೆಂದೇ ಔಷಧದ ಅಂಗಡಿಗೆ ಹೋಗಿ ಮೊಳೆ ಕೇಳುತ್ತಿದ್ದರು. ಹರಿದ ಬಟ್ಟೆಯಲ್ಲಿ ಪೇಟೆಯಲ್ಲಿ ನಡೆಯುತ್ತಿದ್ದರು. ಹೆದರಿದ ಸಂದರ್ಭಕ್ಕೆ ಸಣ್ಣ ಪ್ರಮಾಣದಲ್ಲಿ ಮತ್ತೆ ಮತ್ತೆ ಎದುರಾಗಿ ಹೆದರಿಕೆ ಕಳೆಯುವ ಇಂದಿನ ಮನಶ್ಚಿಕಿತ್ಸೆಯ ಕ್ರಮಕ್ಕೆ ಇದು ಹತ್ತಿರದ್ದು. ಹೊರ್ವಿತ್ಸ್ 1919ರಲ್ಲಿ ಕೀವ್‌ನಲ್ಲಿ, ಟೈಫಸ್ ಪೀಡಿತ ಶಿಷ್ಯರ ಆರೈಕೆ ಮಾಡುತ್ತಲೇ ಅದೇ ಕಾಯಿಲೆಗೆ ತುತ್ತಾದರು.

ನಾಲಿಗೆಯ ವಿಷಯವನ್ನೇ ಜೀವಮಾನದ ಕೆಲಸವಾಗಿ ಹಿಡಿದವರು ರಾದುನ್ ಊರಿನ ಇಸ್ರೇಲ್ ಮೇಯರ್ ಕಗಾನ್ (ನಿಧನ 1933). 1873ರಲ್ಲಿ ಹೆಸರು ಹಾಕಿಕೊಳ್ಳದೆ ಅವರು ಪ್ರಕಟಿಸಿದ ‘ಹಫೇತ್ಸ್ ಹಯ್ಯಿಮ್’ ಎಷ್ಟು ಜನಪ್ರಿಯವಾಯಿತೆಂದರೆ, ಮುಂದೆ ಅವರಿಗೇ ಆ ಹೆಸರು ನಿಂತಿತು. ಚಾಡಿ, ಹಿಂದಾಡುವುದು, ಸುಳ್ಳು ಅಪವಾದ ಇವು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಕಗಾನ್ ಕಾನೂನಿನಷ್ಟು ನಿಖರವಾಗಿ ವಿವರಿಸಿದ್ದು ಇನ್ನೂ ಸೂಕ್ಷ್ಮವಾದದ್ದನ್ನು: ನಿಜವಾದ ಸಂಗತಿಯನ್ನೇ ಹೇಳಿದರೂ ಅದು ಇನ್ನೊಬ್ಬರ ಹೆಸರಿಗೆ ಮಸಿ ಬಳಿಯುವಂತಿದ್ದರೆ ‘ಲಶೋನ್ ಹಾರಾ’, ಅಂದರೆ ಕೆಟ್ಟ ನುಡಿ. ಕೇಳಿಸಿಕೊಂಡು ನಂಬುವವನಿಗೂ ಅದರಲ್ಲಿ ಪಾಲುಂಟು. ‘ಅವನ ವಿಷಯ ಮಾತಾಡದಿರುವುದೇ ಮೇಲು’ ಎಂದು ಹೇಳಿ ಸುಮ್ಮನಾಗುವುದನ್ನೂ ಆ ನುಡಿಯ ಧೂಳು ಎಂದು ಸೇರಿಸಲಾಗಿದೆ.

ಹಾಗೆಂದು ಬಾಯಿಗೆ ಬೀಗ ಹಾಕುವುದು ಉದ್ದೇಶವಲ್ಲ. ಹುಡುಗಿಯ ಮನೆಯವರು ಬಂದು ವರನ ಬಗ್ಗೆ ವಿಚಾರಿಸಿದರೆ, ಗೆಳೆಯನೊಬ್ಬ ಮೋಸಗಾರನ ಜೊತೆ ಪಾಲುದಾರಿಕೆಗೆ ಹೊರಟಿದ್ದರೆ, ಗೊತ್ತಿದ್ದದ್ದನ್ನು ಹೇಳಲೇಬೇಕಾಗುತ್ತದೆ. ಅಂಥ ಮಾತಿಗೆ ಕಗಾನ್ ಏಳು ಷರತ್ತುಗಳನ್ನು ಕ್ರೋಡೀಕರಿಸಿದರು. ತಾನೇ ಕಂಡದ್ದಾಗಿರಬೇಕು, ತಪ್ಪೇ ಹೌದೆಂದು ಅವಸರವಿಲ್ಲದೆ ಖಚಿತಪಡಿಸಿಕೊಂಡಿರಬೇಕು, ಸಾಧ್ಯವಿದ್ದರೆ ತಪ್ಪು ಮಾಡಿದವನಿಗೇ ಮೊದಲು ಹೇಳಿ ನೋಡಿರಬೇಕು, ಉತ್ಪ್ರೇಕ್ಷೆ ಇರಬಾರದು, ಕೇಳುವವರ ಹಿತ ಬಿಟ್ಟು ಬೇರೆ ಉದ್ದೇಶ ಇರಬಾರದು, ಬೇರೆ ದಾರಿ ಇಲ್ಲದಿರಬೇಕು, ನ್ಯಾಯಾಲಯ ವಿಧಿಸುವುದಕ್ಕಿಂತ ಹೆಚ್ಚಿನ ಹಾನಿ ಆಗಬಾರದು. ವಾಟ್ಸ್ಆ್ಯಪ್ ಗುಂಪುಗಳ ಈ ದಿನಗಳಲ್ಲಿ ಏಳರಲ್ಲಿ ಮೊದಲನೆಯದೊಂದನ್ನೇ ಪಾಲಿಸಿದರೂ ಎಷ್ಟೋ ಸಂಸಾರಗಳ ಮಾನ ಉಳಿದೀತು.

ಮನೆಯೊಳಗಿನ ನೆಮ್ಮದಿಗೆ ‘ಶಲೋಮ್ ಬಯಿತ್’ ಎಂದು ಹೆಸರು. ಧರ್ಮಶಾಸ್ತ್ರದಲ್ಲಿ ಅದಕ್ಕೆ ದೊಡ್ಡ ಸ್ಥಾನ. ಹನುಕ್ಕಾ ಹಬ್ಬದ ದೀಪ, ವಾರದ ವಿಶ್ರಾಂತಿದಿನವಾದ ಷಬ್ಬತ್‌ಗೆ ಮನೆಯಲ್ಲಿ ಹಚ್ಚುವ ದೀಪ ಎರಡರಲ್ಲಿ ಒಂದಕ್ಕೆ ಮಾತ್ರ ಎಣ್ಣೆ ಕೊಳ್ಳುವ ಶಕ್ತಿಯಿದ್ದರೆ ಮನೆಯ ದೀಪಕ್ಕೇ ಆದ್ಯತೆ ಎಂದು ತಾಲ್ಮುಡ್ ತೀರ್ಮಾನಿಸಿದೆ. ಕತ್ತಲಲ್ಲಿ ಕೂತ ಮನೆಯಲ್ಲಿ ನೆಮ್ಮದಿ ಇರದು ಎಂಬುದು ಕಾರಣ. ಇಪ್ಪತ್ತನೆಯ ಶತಮಾನದಲ್ಲಿ ಈ ಎಳೆಯನ್ನು ಆಳವಾಗಿ ಬೆಳೆಸಿದವರು ಕೆಲ್ಮ್‌ನಲ್ಲಿ ಕಲಿತು ಇಂಗ್ಲೆಂಡಿನಲ್ಲೂ ಆಮೇಲೆ ಇಸ್ರೇಲಿನಲ್ಲೂ ಬೋಧಿಸಿದ ಎಲಿಯಾಹು ದೆಸ್ಲರ್ (1892–1953). ಪ್ರೀತಿಸುವವರಿಗೆ ನಾವು ಕೊಡುತ್ತೇವೆ ಎಂದುಕೊಳ್ಳುತ್ತೇವೆ. ನಿಜವಾಗಿ, ಯಾರಿಗೆ ಕೊಡುತ್ತೇವೋ ಅವರ ಮೇಲೆ ಪ್ರೀತಿ ಹುಟ್ಟುತ್ತದೆ ಎಂದು ಅವರು ವಿವರಿಸಿದರು. ಗಂಡ ಹೆಂಡತಿ ಇಬ್ಬರೂ ಕೊಡುವವರಾಗಿರುವಷ್ಟು ದಿನ ಸಂಸಾರ ಸಾಗುತ್ತದೆ, ಬರಬೇಕಾದದ್ದರ ಲೆಕ್ಕ ಶುರುವಾದ ದಿನ ಒಡಕು ಶುರುವಾಗುತ್ತದೆ.

ದೆಸ್ಲರ್ ಅವರ ಇನ್ನೊಂದು ವಿಚಾರ ‘ಆಯ್ಕೆಯ ಬಿಂದು’. ಸಭ್ಯ ಮನೆಯಲ್ಲಿ ಬೆಳೆದವನಿಗೆ ಕದಿಯುವ ಆಸೆಯೇ ಬರುವುದಿಲ್ಲ, ಆದ್ದರಿಂದ ಕದಿಯದಿರುವುದು ಅವನ ಸಾಧನೆಯಲ್ಲ. ಸಣ್ಣದೊಂದು ಸುಳ್ಳು ಹೇಳಲೋ ಬೇಡವೋ ಎಂದು ತುಯ್ದಾಡುವ ಜಾಗದಲ್ಲಿ ಅವನ ನಿಜವಾದ ಆಯ್ಕೆಯಿದೆ. ಕಳ್ಳರ ನಡುವೆ ಬೆಳೆದವನಿಗೆ ಆ ಜಾಗ ಬೇರೆ. ಪ್ರತಿ ಗೆಲುವಿನಿಂದ ಬಿಂದು ಒಂದಿಷ್ಟು ಮೇಲೇರುತ್ತದೆ. ಇನ್ನೊಬ್ಬರನ್ನು ನಮ್ಮ ಅಳತೆಗೋಲಿನಿಂದ ಅಳೆಯುವ ಚಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಈ ಪರಂಪರೆಯಲ್ಲಿ ಇನ್ನೊಂದಿಲ್ಲ.

ಚಳವಳಿಗೆ ವಿರೋಧ ಮೊದಲಿನಿಂದಲೂ ಇತ್ತು. ತೋರಾ, ಅಂದರೆ ಧರ್ಮಶಾಸ್ತ್ರದ ಅಧ್ಯಯನವೇ ಸ್ವಭಾವವನ್ನು ತಿದ್ದುವಾಗ ಬೇರೆ ಮದ್ದೇಕೆ ಎಂದು ಹಲವು ರಬ್ಬಿಗಳು ಕೇಳಿದರು. 1897ರಲ್ಲಿ ಸ್ಲಬೋಡ್ಕಾ ಯೆಶಿವಾ ಇದೇ ಜಗಳದಲ್ಲಿ ಇಬ್ಭಾಗವಾಯಿತು. ಸದಾ ತನ್ನ ದೋಷಗಳನ್ನೇ ಕೆದಕುವವನು ಕುಗ್ಗಿಹೋಗುತ್ತಾನೆ ಎಂಬ ಆಕ್ಷೇಪದಲ್ಲೂ ಸತ್ಯವಿದೆ. ನವರ್ದೋಕ್ ಯೆಶಿವಾದಲ್ಲಿ ಓದಿ ಹೊರಬಂದ ಯಿದ್ದಿಶ್ ಭಾಷೆಯ ಸಾಹಿತಿ ಹಯ್ಯಿಮ್ ಗ್ರಾಡೆ ತಮ್ಮ ದೊಡ್ಡ ಕಾದಂಬರಿ ‘ತ್ಸೆಮಾಖ್ ಅಟ್ಲಾಸ್’ನಲ್ಲಿ ಅಂಥ ಗುರುವೊಬ್ಬನ ಒಳಗಿನ ಬೇಗುದಿಯನ್ನು ಚಿತ್ರಿಸಿದ್ದಾರೆ. ಹೆಂಗಸರಿಗೆ ಮುಸಾರ್ ಮನೆಗಳಲ್ಲಿ ಜಾಗವಿರಲಿಲ್ಲ ಎಂಬುದನ್ನೂ ಮುಚ್ಚಿಡುವಂತಿಲ್ಲ.

1941ರಿಂದ ಮುಂದೆ ನಾತ್ಸಿಗಳು ಮತ್ತು ಅವರ ಸ್ಥಳೀಯ ಸಹಚರರು ಲಿಥುವೇನಿಯಾದ ಯಹೂದಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರನ್ನು ಕೊಂದರು. ಕೆಲ್ಮ್‌ನ ಗುರುಶಿಷ್ಯರು ಒಟ್ಟಿಗೆ ಹತರಾದರು. ಉಳಿದವರು ಇಸ್ರೇಲಿಗೂ ಅಮೆರಿಕಕ್ಕೂ ಒಯ್ದದ್ದು ಕೆಲವು ಪುಸ್ತಕ, ಕೆಲವು ರಾಗ, ಒಂದಿಷ್ಟು ಅಭ್ಯಾಸ. ಬರ್ಲಿನ್‌ನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಸ್ವೀಡನ್ ಸೇರಿ, ಮುಂದೆ ಇಸ್ರೇಲಿನಲ್ಲಿ ನೆಲೆಸಿದ ಶ್ಲೋಮೊ ವೋಲ್ಬೆ (1914–2005) ‘ಅಲೇ ಶೂರ್’ ಗ್ರಂಥದಲ್ಲಿ ಅದನ್ನು ಹೊಸ ಪೀಳಿಗೆಗೆ ಕ್ರಮವಾಗಿ ಒದಗಿಸಿದರು. ಕೋವ್ನೊದಲ್ಲಿ 1906ರಲ್ಲಿ ಹುಟ್ಟಿದ ಫ್ರೆಂಚ್ ತತ್ವಜ್ಞಾನಿ ಎಮ್ಯಾನುಯೆಲ್ ಲೆವಿನಾಸ್, ಎದುರಿನವನ ಹಸಿವು ನೀಗಿಸುವುದೇ ತನ್ನ ಅಧ್ಯಾತ್ಮ ಎಂಬರ್ಥದ ಸಲಾಂತರ್ ಅವರ ಮಾತನ್ನು ತಮ್ಮ ಚಿಂತನೆಗೆ ಒಗ್ಗಿಸಿಕೊಂಡರು. ಲೆವಿನಾಸ್ ವಿಚಾರಗಳನ್ನು ಹಿಡಿದು ಫಿಲಡೆಲ್ಫಿಯಾದ ರಬ್ಬಿ ಐರಾ ಸ್ಟೋನ್ 2006ರಲ್ಲಿ ಮುಸಾರ್ ಕುರಿತು ಪುಸ್ತಕ ಬರೆದರು.

ಇಂದಿನ ಪುನರುಜ್ಜೀವನದಲ್ಲಿ ಹೆಚ್ಚು ಕೇಳಿಬರುವ ಹೆಸರು ಕೆನಡಾದ ಅಲನ್ ಮೊರಿನಿಸ್. ಅವರು ಮೂಲತಃ ಮಾನವಶಾಸ್ತ್ರಜ್ಞರು, ಆಕ್ಸ್‌ಫರ್ಡ್‌ನಲ್ಲಿ ಸಂಶೋಧನೆ ಮಾಡಿದ್ದು ಪಶ್ಚಿಮ ಬಂಗಾಳದ ಹಿಂದೂ ತೀರ್ಥಯಾತ್ರೆಗಳ ಮೇಲೆ. ಚಲನಚಿತ್ರ ನಿರ್ಮಾಣದಲ್ಲಿ ದೊಡ್ಡ ಪೆಟ್ಟು ತಿಂದ ಮೇಲೆ ಉತ್ತರ ಹುಡುಕುತ್ತ ಮುಸಾರ್ ಗ್ರಂಥಗಳನ್ನು ಕಂಡುಕೊಂಡರು. 2004ರಲ್ಲಿ ಮುಸಾರ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ‘ಎವ್ರಿಡೇ ಹೋಲಿನೆಸ್’ (2007) ಅವರ ಹೆಸರಾಂತ ಪುಸ್ತಕ. ಇಂಥ ವಲಯಗಳಲ್ಲಿ ಸಣ್ಣ ಗುಂಪು ನಿಯಮಿತವಾಗಿ ಸೇರಿ, ಒಂದು ಗುಣವನ್ನು ಹಿಡಿದು ಓದುತ್ತದೆ. ಈ ಗುಂಪಿಗೆ ‘ವಆದ್’ ಎನ್ನುತ್ತಾರೆ. ಬೆಳಿಗ್ಗೆ ಒಂದು ವಾಕ್ಯ ಹೇಳಿಕೊಳ್ಳುವುದು, ರಾತ್ರಿ ದಿನಚರಿ ಬರೆಯುವುದು, ಜೋಡಿಯಾಗಿ ಓದುವ ಗೆಳೆಯನೊಡನೆ ಮುಚ್ಚುಮರೆಯಿಲ್ಲದೆ ಮಾತಾಡುವುದು ಸಾಧನೆಯ ಭಾಗ. ಹೆಂಗಸರೂ ಗಂಡಸರೂ ಒಟ್ಟಿಗೆ ಕೂರುತ್ತಾರೆ, ಧಾರ್ಮಿಕ ಆಚಾರಗಳನ್ನು ಪೂರ್ತಿ ಪಾಲಿಸದವರೂ ಬರುತ್ತಾರೆ. ಆಚಾರದ ಚೌಕಟ್ಟಿನಿಂದ ಬಿಡಿಸಿದರೆ ಮುಸಾರ್ ಮುಸಾರ್ ಆಗಿ ಉಳಿದೀತೇ ಎಂಬ ಚರ್ಚೆ ಸಂಪ್ರದಾಯಸ್ಥರಲ್ಲಿ ಇನ್ನೂ ನಡೆದಿದೆ. ಆಚಾರನಿಷ್ಠರಲ್ಲದ ಮೊರಿನಿಸ್ ಅವರನ್ನು ಶಿಷ್ಯನಾಗಿ ಒಪ್ಪಿಕೊಂಡು ವರ್ಷಗಟ್ಟಲೆ ಕಲಿಸಿದ ನ್ಯೂಯಾರ್ಕಿನ ರಬ್ಬಿ ಯೆಹಿಯೇಲ್ ಪೆರ್ ನವರ್ದೋಕ್ ಪರಂಪರೆಗೆ ಸೇರಿದವರು.